ಮರ್ಸಿ ನದಿಗೆ ಎದುರಾಗಿ ನಡೆದ ಗೋಲುಗಾರ

ಇಂಗ್ಲೆಂಡಿನ ನಕಾಶೆಯಲ್ಲಿ ಮರ್ಸಿ ನದಿಯನ್ನು ಹುಡುಕುವವರು ಸಾಮಾನ್ಯವಾಗಿ ಲಿವರ್‌ಪೂಲಿನ ಮೇಲೆ ಬೆರಳಿಡುತ್ತಾರೆ. ಅಲ್ಲಿ ನದಿ ಕಡಲು ಸೇರುತ್ತದೆ. ಅದು ಹುಟ್ಟುವುದು ಮಾತ್ರ ಸುಮಾರು 110 ಕಿ.ಮೀ. ಹಿಂದೆ, ಮ್ಯಾಂಚೆಸ್ಟರಿನ ದಕ್ಷಿಣಕ್ಕಿರುವ ಸ್ಟಾಕ್‌ಪೋರ್ಟ್ ಎಂಬ ಊರಿನಲ್ಲಿ. ಗಾಯ್ಟ್ ಮತ್ತು ಟೇಮ್ ಎಂಬ ಎರಡು ಹೊಳೆಗಳು ಇಲ್ಲಿ ಕೂಡಿ ಮರ್ಸಿ ಎನಿಸಿಕೊಳ್ಳುತ್ತವೆ. ಸಂಗಮ ಎಂದೊಡನೆ ಸ್ನಾನಘಟ್ಟ, ಗುಡಿ ಗೋಪುರಗಳನ್ನು ಕಲ್ಪಿಸಿಕೊಂಡು ಹೋದವರಿಗೆ ನಿರಾಸೆಯೇ ಗತಿ. ಪಕ್ಕದಲ್ಲೇ ಮೋಟಾರು ಹೆದ್ದಾರಿಯ ಗದ್ದಲ. ಸ್ವಲ್ಪ ಮುಂದೆ ಹೋದರೆ ನದಿಯ ಮೇಲೆಯೇ ಕಾಂಕ್ರೀಟ್ ಹಾಸಿ ಕಟ್ಟಿದ ಮಾರುಕಟ್ಟೆ. ಸಾಮಾನು ಕೊಳ್ಳಲು ಬಂದವರ ಕಾಲಡಿಯಲ್ಲಿ ನದಿ ಸದ್ದಿಲ್ಲದೆ ಹರಿಯುತ್ತಿರುತ್ತದೆ.

ಈ ನದಿಗೂ ಅದರ ಉಪನದಿಗಳಿಗೂ ತಾಗಿಕೊಂಡಿರುವ ಊರುಗಳು ಒಂದು ಕಾಲಕ್ಕೆ ಜಗತ್ತಿಗೆಲ್ಲ ಬಟ್ಟೆ, ರೇಷ್ಮೆ, ಟೋಪಿ ಕಳಿಸಿದವು. ಗಿರಣಿಗಳು ಮುಚ್ಚಿದ ಮೇಲೆ ಅವುಗಳ ಹೆಸರು ಪರದೇಶದವರ ಕಿವಿಗೆ ಬೀಳುವುದು ಬಹುಮಟ್ಟಿಗೆ ಫುಟ್‌ಬಾಲ್ ಫಲಿತಾಂಶಗಳ ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯ ಕೆಳತುದಿಯಲ್ಲಿ ಹಲವು ವರ್ಷ ಕಳೆದ ಒಬ್ಬ ಆಟಗಾರನ ಹೆಸರು ರಿಕಿ ಲ್ಯಾಂಬರ್ಟ್. ನದಿ ಮುಗಿಯುವಲ್ಲಿ ಹುಟ್ಟಿದ ಈತ ಬದುಕು ಕಟ್ಟಿಕೊಳ್ಳಲು ಅದರ ಮೂಲದ ಕಡೆಗೆ ಹೋಗಬೇಕಾಯಿತು. ಆತನ ಜಾಡು ಹಿಡಿದು ಹೊರಟರೆ, ಪ್ರವಾಸಿ ಕೈಪಿಡಿಗಳು ಎರಡು ಸಾಲಿನಲ್ಲಿ ಮುಗಿಸುವ ಊರುಗಳನ್ನು ಸಾವಕಾಶವಾಗಿ ನೋಡಿದಂತಾಗುತ್ತದೆ.

ಅದಕ್ಕೆ ಮೊದಲು ಅಲ್ಲಿಯ ಫುಟ್‌ಬಾಲಿನ ವ್ಯವಸ್ಥೆಯನ್ನು ಒಂದಿಷ್ಟು ತಿಳಿಯಬೇಕು. ಇಂಗ್ಲೆಂಡಿನಲ್ಲಿ ವೃತ್ತಿಪರ ಲೀಗ್ ಎಂದರೆ ನಾಲ್ಕು ಮೆಟ್ಟಿಲು, 92 ಕ್ಲಬ್ಬು. ಮೇಲಿನ ಮೆಟ್ಟಿಲಾದ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಕೆಳಗಿನ ಮೂರರಲ್ಲಿ ತಲಾ 24. ಅದರ ಕೆಳಗೂ ಮೆಟ್ಟಿಲುಗಳುಂಟು, ಹಳ್ಳಿಯ ತಂಡಗಳವರೆಗೆ. ಪ್ರತಿ ವರ್ಷ ಗೆದ್ದವರಿಗೆ ಬಡ್ತಿ, ಸೋತವರಿಗೆ ಹಿಂಬಡ್ತಿ. ದೊಡ್ಡ ಕ್ಲಬ್ಬುಗಳು ಎಂಟು ಹತ್ತು ವರ್ಷದ ಮಕ್ಕಳನ್ನೇ ಆರಿಸಿ ತರಬೇತಿ ಕೊಡುತ್ತವೆ. ಅವರಲ್ಲಿ ಹೆಚ್ಚಿನವರನ್ನು ಹದಿನಾರು ತುಂಬುವುದರೊಳಗೆ ಮನೆಗೆ ಕಳಿಸುತ್ತವೆ. ಕರ್ನಾಟಕದ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸು ಅದು. ಇಲ್ಲಿ ಫೇಲಾದವರಿಗೆ ಮತ್ತೊಂದು ಪರೀಕ್ಷೆಯಾದರೂ ಇದೆ. ಅಲ್ಲಿ ಹಾಗೊಂದಿದ್ದರೆ ಅದು ನಡೆಯುವುದು ಈ ಚಿಕ್ಕ ಊರುಗಳ ಮೈದಾನಗಳಲ್ಲೇ.

ಲ್ಯಾಂಬರ್ಟ್ ಹುಟ್ಟಿದ್ದು 1982ರ ಫೆಬ್ರವರಿಯಲ್ಲಿ, ಲಿವರ್‌ಪೂಲಿನ ಹೊರವಲಯದ ಕರ್ಕ್‌ಬಿಯಲ್ಲಿ. ಎರಡನೇ ಮಹಾಯುದ್ಧದ ಬಳಿಕ ನಗರದ ಕೊಳೆಗೇರಿಗಳನ್ನು ತೆರವು ಮಾಡಿ ಜನರನ್ನು ಸಾಗಿಸಿದ ಬಡಾವಣೆ ಅದು. ಸಾಲುಸಾಲು ಒಂದೇ ಅಚ್ಚಿನ ಮನೆಗಳು, ನಡುವೆ ಹುಲ್ಲಿನ ತುಂಡುಗಳು, ಹುಲ್ಲಿದ್ದಲ್ಲೆಲ್ಲ ಚೆಂಡು. ಲಿವರ್‌ಪೂಲ್ ಕ್ಲಬ್ಬಿನ ಆ್ಯನ್‌ಫೀಲ್ಡ್ ಮೈದಾನ ಅಲ್ಲಿಂದ ಹತ್ತು ಕಿಲೋಮೀಟರೂ ಇಲ್ಲ. ಹತ್ತನೇ ವಯಸ್ಸಿಗೆ ಅದೇ ಕ್ಲಬ್ಬಿನ ಬಾಲಕರ ತಂಡಕ್ಕೆ ಈ ಹುಡುಗ ಸೇರಿಕೊಂಡ. ಇಷ್ಟಪಟ್ಟ ಕ್ಲಬ್ಬು, ಮನೆಯ ಹತ್ತಿರದ ಮೈದಾನ; ಇನ್ನೇನು ಬೇಕು ಎನ್ನುವಷ್ಟರಲ್ಲಿ, ಹದಿನೈದಕ್ಕೆ ‘ನೀನು ಬೇಡ’ ಎಂಬ ಉತ್ತರ ಬಂತು.

ಮುಂದಿನ ಆಸರೆ ಬ್ಲ್ಯಾಕ್‌ಪೂಲ್. ಐರಿಷ್ ಸಮುದ್ರದ ದಂಡೆಯ ಈ ಊರಿಗೆ ಗಿರಣಿ ಕಾರ್ಮಿಕರು ರಜೆಯಲ್ಲಿ ರೈಲು ತುಂಬಿಕೊಂಡು ಬರುತ್ತಿದ್ದರು. 1894ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ನೋಡಿ ಕಟ್ಟಿದ ಗೋಪುರ ಇಂದಿಗೂ ನಿಂತಿದೆ. ಲ್ಯಾಂಬರ್ಟ್ ಅಲ್ಲಿ ನಿಲ್ಲಲಿಲ್ಲ. ಮೂರು ಲೀಗ್ ಪಂದ್ಯಗಳಲ್ಲಿ ಮುಖ ತೋರಿಸಿದ್ದಷ್ಟೇ. 2000ದಲ್ಲಿ ಅವರೂ ಕೈಬಿಟ್ಟರು. ಹದಿನೆಂಟು ವರ್ಷದ ಹುಡುಗ ಬೀಟ್‌ರೂಟ್ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಜಾಡಿಗಳಿಗೆ ಮುಚ್ಚಳ ತಿರುಗಿಸುವುದು ಕೆಲಸ, ದಿನಕ್ಕೆ 20 ಪೌಂಡ್ ಕೂಲಿ. ಅದೇ ದಿನಗಳಲ್ಲಿ, ಸಂಬಳವಿಲ್ಲದೆ, ಮ್ಯಾಕಲ್ಸ್‌ಫೀಲ್ಡ್ ಟೌನ್ ಎಂಬ ಕ್ಲಬ್ಬಿನಲ್ಲಿ ಅಭ್ಯಾಸಕ್ಕೂ ಹೋಗುತ್ತಿದ್ದ. ಮುಂದೆ ಆತ ಹೆಸರುವಾಸಿಯಾದಾಗ ಪತ್ರಿಕೆಗಳು ಬೀಟ್‌ರೂಟ್ ಕಥೆಯನ್ನು ಎಷ್ಟು ಸಲ ಬರೆದವೆಂದರೆ, ಅದಕ್ಕಿಂತ ಮುಖ್ಯವಾದದ್ದು ಹಿಂದೆ ಬಿತ್ತು. ಕೂಲಿ ಮಾಡುತ್ತಿದ್ದ ಹುಡುಗನಿಗೆ ‘ಬಾ, ನಮ್ಮ ಜೊತೆ ಅಭ್ಯಾಸ ಮಾಡು’ ಎನ್ನುವ ಒಂದು ಊರಿತ್ತು ಎಂಬುದು ಆ ಸಂಗತಿ.

ಆ ಊರನ್ನು ನೋಡಬೇಕಾದರೆ ಮ್ಯಾಂಚೆಸ್ಟರಿನ ಪಿಕ್ಯಾಡಿಲಿ ನಿಲ್ದಾಣದಲ್ಲಿ ರೈಲು ಹತ್ತಬೇಕು. ಅರ್ಧ ಗಂಟೆಯೊಳಗೆ ಪೆನೈನ್ ಬೆಟ್ಟಗಳ ಬುಡ ಬರುತ್ತದೆ. ನಿಲ್ದಾಣದ ಬಳಿಯಿಂದ ಗುಡ್ಡದ ಮೇಲಿನ ಸೇಂಟ್ ಮೈಕೇಲ್ ಚರ್ಚಿಗೆ ಕಲ್ಲಿನ ಮೆಟ್ಟಿಲುಗಳಿವೆ. ಅವುಗಳ ಹೆಸರೇ ‘108 ಮೆಟ್ಟಿಲು’. ಸಂಖ್ಯೆ ಕೇಳಿ ಭಾರತದಿಂದ ಹೋದವರು ಒಂದು ಗಳಿಗೆ ನಿಲ್ಲುವುದು ಸಹಜ; ಅಲ್ಲಿಯವರಿಗೆ ಅದು ಬರೀ ಲೆಕ್ಕ. ಕೆಳಗೆ ಬಾಲಿನ್ ಹೊಳೆ. ಅದೂ ಕೊನೆಗೆ ಮರ್ಸಿಯ ನೀರಿಗೇ ಸೇರುತ್ತದೆ.

ಮ್ಯಾಕಲ್ಸ್‌ಫೀಲ್ಡಿನ ಪ್ರಾಣ ಇದ್ದದ್ದು ರೇಷ್ಮೆಯಲ್ಲಿ. 1743ರಲ್ಲಿ ಚಾರ್ಲ್ಸ್ ರೋ ಎಂಬಾತ ನೀರಿನ ಶಕ್ತಿಯಿಂದ ನೂಲು ಹುರಿಮಾಡುವ ಗಿರಣಿ ಹಾಕಿದ. ಅಲ್ಲಿಂದ ಮುಂದೆ ಊರಿಗೆ ಊರೇ ರೇಷ್ಮೆಯನ್ನು ನಂಬಿ ಬದುಕಿತು. ಪ್ಯಾರಡೈಸ್ ಮಿಲ್ ಎಂಬ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ 26 ಜಕಾರ್ಡ್ ಕೈಮಗ್ಗಗಳನ್ನು ಇದ್ದ ಹಾಗೆಯೇ ಕಾಪಾಡಿದ್ದಾರೆ. ಅಲ್ಲಿಯ ನೇಕಾರಿಕೆ ನಿಂತದ್ದು 1981ರಲ್ಲಿ. ಫುಟ್‌ಬಾಲ್ ತಂಡದ ಅಡ್ಡಹೆಸರು ಇವತ್ತಿಗೂ ‘ಸಿಲ್ಕ್‌ಮೆನ್’, ರೇಷ್ಮೆಯವರು. ಊರ ಹೊರಗೆ ಲಂಡನ್ ರಸ್ತೆಯಲ್ಲಿರುವ ಅವರ ಮೋಸ್ ರೋಸ್ ಮೈದಾನ ಎಷ್ಟು ಚಿಕ್ಕದೆಂದರೆ, ಮುಂದಿನ ಸಾಲಿನಲ್ಲಿ ನಿಂತವರಿಗೆ ಆಟಗಾರರ ಉಸಿರಾಟ ಕೇಳಿಸಬೇಕು. ಕ್ಲಬ್ಬು ವೃತ್ತಿಪರ ಲೀಗಿಗೆ ಬಂದದ್ದೇ 1997ರಲ್ಲಿ. ಇಲ್ಲಿ ಲ್ಯಾಂಬರ್ಟ್ 44 ಲೀಗ್ ಪಂದ್ಯ ಆಡಿ 8 ಗೋಲು ಹೊಡೆದ. ಅಂಥ ಹೇಳಿಕೊಳ್ಳುವ ಲೆಕ್ಕವೇನಲ್ಲ. ಆದರೂ 2002ರಲ್ಲಿ ಪಕ್ಕದ ಸ್ಟಾಕ್‌ಪೋರ್ಟ್ ಕೌಂಟಿಯವರು 3 ಲಕ್ಷ ಪೌಂಡ್ ಕೊಟ್ಟು ಕೊಂಡರು. ಪುಕ್ಕಟೆಯಾಗಿ ಸಿಕ್ಕ ಹುಡುಗನಿಂದ ಬಡ ಕ್ಲಬ್ಬಿಗೆ ಬಂದ ವರಮಾನ ಇದು. ಚಿಕ್ಕ ಕ್ಲಬ್ಬುಗಳ ಜೀವನೋಪಾಯದ ಗುಟ್ಟೂ ಇದೇ: ದೊಡ್ಡವರು ಬಿಸಾಡಿದ್ದನ್ನು ಎತ್ತಿಕೊಂಡು, ತಿದ್ದಿ, ಮತ್ತೆ ಮಾರುವುದು.

ರೈಲಿನಲ್ಲಿ ಮ್ಯಾಂಚೆಸ್ಟರಿನ ಕಡೆಗೆ ಹಿಂದಿರುಗುವಾಗ ಸ್ಟಾಕ್‌ಪೋರ್ಟ್ ಸಿಗುತ್ತದೆ. ನದಿಯ ಕಣಿವೆಯನ್ನು ದಾಟುವ ರೈಲು ಸೇತುವೆ ಈ ಊರಿನ ಹೆಮ್ಮೆ. 1840ರಲ್ಲಿ ಪೂರ್ಣಗೊಂಡ ಈ ಸೇತುವೆಗೆ 27 ಕಮಾನುಗಳು. ಬಳಸಿದ ಇಟ್ಟಿಗೆ ಸುಮಾರು 1 ಕೋಟಿ 10 ಲಕ್ಷ. ಗಿರಣಿ ಊರುಗಳನ್ನು ಚಿತ್ರಿಸಿ ಪ್ರಸಿದ್ಧರಾದ ಎಲ್.ಎಸ್. ಲೌರಿ ಇದನ್ನು ಮತ್ತೆ ಮತ್ತೆ ಬರೆದರು. ಊರಿನ ಹಳೆಯ ಕಸುಬು ಟೋಪಿ. ತುಪ್ಪಳದಿಂದ ಟೋಪಿ ಮಾಡುವ ಕೆಲಸದಲ್ಲಿ ಪಾದರಸ ಬಳಸುತ್ತಿದ್ದರು. ಅದರ ಹಬೆ ಕುಡಿದು ಕೆಲಸಗಾರರ ಕೈ ನಡುಗುತ್ತಿತ್ತು, ಬುದ್ಧಿ ಕೆಡುತ್ತಿತ್ತು. ಜನ ತಲೆಗೆ ಟೋಪಿ ಹಾಕುವುದನ್ನು ಬಿಟ್ಟರು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಂದು ಹಳೆಯ ಗಿರಣಿಯಲ್ಲಿ ಈಗ ಟೋಪಿಗಳ ವಸ್ತುಸಂಗ್ರಹಾಲಯವಿದೆ. ತಂಡದ ಅಡ್ಡಹೆಸರು ಮತ್ತೆ ಅದೇ: ‘ಹ್ಯಾಟರ್ಸ್’, ಟೋಪಿಯವರು.

ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಎಜ್‌ಲಿ ಪಾರ್ಕ್ ಮೈದಾನದಲ್ಲಿ ಲ್ಯಾಂಬರ್ಟ್ ಸುಮಾರು ಮೂರು ವರ್ಷ ಆಡಿದ. ತಂಡ ಜಾರುಬಂಡೆಯ ಮೇಲೆ ಕೂತಿದ್ದ ಕಾಲವದು. ಆತನನ್ನು ಒಮ್ಮೆ ಮಧ್ಯದಲ್ಲಿ, ಒಮ್ಮೆ ಮುಂದೆ, ಎಲ್ಲಿ ಜಾಗ ಖಾಲಿಯೋ ಅಲ್ಲಿ ನಿಲ್ಲಿಸುತ್ತಿದ್ದರು. 98 ಲೀಗ್ ಪಂದ್ಯ, 18 ಗೋಲು. ಎತ್ತರದ ಆಳು, ಕಾಲಿನಲ್ಲಿ ನಯವಿದೆ, ಓಟ ಸಾಲದು ಎಂಬುದು ನೋಡಿದವರ ಷರಾ. 2005ರ ಫೆಬ್ರವರಿಯಲ್ಲಿ ಆತ ರಾಚ್‌ಡೇಲಿಗೆ ಹೋದ. ಮೂರು ಲಕ್ಷ ಪೌಂಡಿನ ಆಟಗಾರ ಈ ಸಲ ಶುಲ್ಕವಿಲ್ಲದೆ ಕೈ ಬದಲಾಯಿಸಿದ. ವಯಸ್ಸು ಇಪ್ಪತ್ಮೂರು, ಅಲ್ಲಿಯ ಲೆಕ್ಕದಲ್ಲಿ ಹಣೆಬರಹ ಹೆಚ್ಚುಕಡಿಮೆ ಬರೆದಾದ ಹಾಗೆ.

ರಾಚ್‌ಡೇಲ್ ಎಂಬ ಹೆಸರು ಕರ್ನಾಟಕದವರಿಗೆ ಅಷ್ಟೊಂದು ಅಪರಿಚಿತವಾಗಿರಬಾರದು. 1844ರ ಡಿಸೆಂಬರ್ 21ರಂದು, ಇಲ್ಲಿಯ ಟೋಡ್ ಲೇನ್ ಎಂಬ ಓಣಿಯ 31ನೇ ನಂಬರಿನ ಮನೆಯಲ್ಲಿ, ನೇಕಾರರೂ ಇತರ ಕುಶಲಕರ್ಮಿಗಳೂ ಸೇರಿ 28 ಜನ ಒಂದು ಅಂಗಡಿ ತೆರೆದರು. ಕೂಡಿಸಿದ ಬಂಡವಾಳ 28 ಪೌಂಡ್. ಮಾರಿದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಮತ್ತು ಮೇಣದಬತ್ತಿ. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ. ಯಾರೆಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಲಾಭದ ಪಾಲು. ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ. ಜಗತ್ತಿನ ಸಹಕಾರಿ ಚಳವಳಿ ಇಂದಿಗೂ ಈ ಅಂಗಡಿಯನ್ನೇ ತನ್ನ ತವರುಮನೆ ಎನ್ನುತ್ತದೆ. ಅದಾಗಿ ಅರವತ್ತು ವರ್ಷಗಳ ನಂತರ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದಾಗ, ಅದರ ಹಿಂದೆಯೂ ಇದ್ದದ್ದು ಇದೇ ವಿಚಾರದ ಬೀಜ. ಟೋಡ್ ಲೇನಿನ ಅಂಗಡಿ ಈಗ ವಸ್ತುಸಂಗ್ರಹಾಲಯ. ನೋಡಿದರೆ ‘ಇಷ್ಟೇನಾ?’ ಎನ್ನಿಸುವಷ್ಟು ಪುಟ್ಟ ಕೋಣೆ. ಕಣಗಿನಹಾಳದಿಂದ ಹೋದವರಿದ್ದರೆ ಅವರಿಗೆ ಮಾತ್ರ ಹಾಗೆನ್ನಿಸಲಾರದು.

ಊರಿನ ಇನ್ನೊಂದು ನೋಟ 1871ರಲ್ಲಿ ಉದ್ಘಾಟನೆಯಾದ ಪುರಭವನ. ಹತ್ತಿಯ ಹಣದಲ್ಲಿ ಕಟ್ಟಿದ ಗಾಥಿಕ್ ಶೈಲಿಯ ಈ ಕಟ್ಟಡ ಚಿಕ್ಕ ಊರಿಗೆ ದೊಡ್ಡ ಪೇಟ ಸುತ್ತಿದಂತಿದೆ. ಅದರ ಎದುರಿನ ರೋಚ್ ಹೊಳೆಯನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮುಚ್ಚಿ ರಸ್ತೆ ಮಾಡಿದ್ದರು. 2016ರಲ್ಲಿ ಮತ್ತೆ ತೆರೆದರು. ಅಡಿಯಲ್ಲಿ ಅಡಗಿದ್ದ ಮಧ್ಯಯುಗದ ಸೇತುವೆ ಹೊರಬಂತು.

ಮುಚ್ಚಿಹೋದದ್ದನ್ನು ತೆರೆಯುವುದು ಆ ಊರಿನ ಫುಟ್‌ಬಾಲ್ ಕ್ಲಬ್ಬಿಗೂ ಗೊತ್ತಿತ್ತೆನ್ನಬೇಕು. 1974ರಿಂದ 2010ರವರೆಗೆ, ಬರೋಬ್ಬರಿ 36 ವರ್ಷ, ರಾಚ್‌ಡೇಲ್ ಲೀಗಿನ ಕೊನೆಯ ಮೆಟ್ಟಿಲಿನಲ್ಲೇ ಕುಳಿತಿತ್ತು. ಆ ಮೆಟ್ಟಿಲನ್ನೇ ಹಾಸ್ಯಕ್ಕೆ ‘ರಾಚ್‌ಡೇಲ್ ಡಿವಿಷನ್’ ಎನ್ನುತ್ತಿದ್ದರು. ಅಂಥ ಕ್ಲಬ್ಬಿನ ಸ್ಪಾಟ್‌ಲ್ಯಾಂಡ್ ಮೈದಾನದಲ್ಲಿ ಲ್ಯಾಂಬರ್ಟ್‌ಗೆ ಕೊನೆಗೂ ಒಂದು ಖಾಯಂ ಜಾಗ ಸಿಕ್ಕಿತು: ಮುಂಚೂಣಿ. ಜೊತೆಗಾರ ಗ್ರಾಂಟ್ ಹೋಲ್ಟ್ ಎಂಬಾತ; ಅವನೂ ಟೈರು ಕಾರ್ಖಾನೆಯಲ್ಲಿ ದುಡಿದು ಬಂದವನೇ. ಕೆಳಗಿನ ಮೆಟ್ಟಿಲುಗಳಲ್ಲಿ ಸ್ಟ್ರೈಕರನ ಕೆಲಸ ಟೀವಿಯಲ್ಲಿ ಕಾಣುವಷ್ಟು ನಾಜೂಕಿನದಲ್ಲ. ಹಿಂದಿನಿಂದ ಎತ್ತಿ ಒದ್ದ ಚೆಂಡು ಆಕಾಶದಿಂದ ಇಳಿಯುತ್ತದೆ. ಬೆನ್ನಿಗೆ ಒಬ್ಬ ದಾಂಡಿಗ ಒತ್ತಿ ನಿಂತಿರುತ್ತಾನೆ. ಚೆಂಡನ್ನು ಎದೆಯಲ್ಲೋ ತಲೆಯಲ್ಲೋ ತಡೆದು ಜೊತೆಗಾರ ಬರುವವರೆಗೆ ಹಿಡಿದುಕೊಳ್ಳಬೇಕು. ಮಳೆ, ಕೆಸರು, ಮಂಗಳವಾರ ರಾತ್ರಿಯ ಚಳಿ. ಎರಡೂವರೆ ಮೂರು ಸಾವಿರ ಜನ ಸೇರಿದರೆ ಹೆಚ್ಚು. ಎಲ್ಲರ ಕೈಯಲ್ಲೂ ಮಾಂಸ, ಆಲೂಗೆಡ್ಡೆ ತುಂಬಿದ ಬಿಸಿ ಪೈ. ಓಟ ಸಾಲದವನಿಗೆ ಈ ಶಾಲೆ ಹಿಡಿಸಿತು. ಜಾಗ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡವನು ಓಡಬೇಕಾದ ದೂರ ಕಡಿಮೆ. 2005-06ರ ಒಂದೇ ಋತುವಿನಲ್ಲಿ ಲೀಗ್‌ನಲ್ಲಿ 22 ಗೋಲು. ಕೆಲವೇ ವರ್ಷಗಳಲ್ಲಿ ರಾಚ್‌ಡೇಲಿನ ಆ ಜೋಡಿ ಬೇರೆ ಬೇರೆ ತಂಡಗಳಲ್ಲಿ ಪ್ರೀಮಿಯರ್ ಲೀಗ್ ತಲುಪಿತು. ಆಗ ಸ್ಪಾಟ್‌ಲ್ಯಾಂಡಿನಲ್ಲಿ ಪೈ ತಿನ್ನುತ್ತಾ ನೋಡಿದವರಲ್ಲಿ ಎಷ್ಟು ಜನ ಇದನ್ನು ಊಹಿಸಿದ್ದರೋ!

2006ರಲ್ಲಿ 2 ಲಕ್ಷ ಪೌಂಡಿಗೆ ಬ್ರಿಸ್ಟಲ್ ರೋವರ್ಸ್ ಆತನನ್ನು ಕೊಂಡಿತು. ಇಲ್ಲಿಗೆ ಮರ್ಸಿ ಕಣಿವೆಯ ವಾಸ ಮುಗಿದು ದಕ್ಷಿಣದ ಪಯಣ. ಬ್ರಿಸ್ಟಲಿನಲ್ಲಿ ಮೂರು ವರ್ಷ. 2008ರ ಫೆಬ್ರವರಿಯಲ್ಲಿ ಎಫ್.ಎ. ಕಪ್ಪಿನಲ್ಲಿ ತಮಗಿಂತ ಮೇಲಿನ ಸೌತಾಂಪ್ಟನ್ನನ್ನು ಕೆಡವಿದ ಏಕೈಕ ಗೋಲು ಲ್ಯಾಂಬರ್ಟ್‌ನದು. 2008-09ರಲ್ಲಿ 29 ಲೀಗ್ ಗೋಲು, ಆ ವಿಭಾಗದ ಜಂಟಿ ಅಗ್ರಸ್ಥಾನ. ಮರು ವರ್ಷ ಅದೇ ಸೌತಾಂಪ್ಟನ್ ಸುಮಾರು 10 ಲಕ್ಷ ಪೌಂಡ್ ಕೊಟ್ಟು ಕರೆಸಿಕೊಂಡಿತು.

ಟೈಟಾನಿಕ್ ಹಡಗು 1912ರಲ್ಲಿ ಹೊರಟ ಬಂದರು ಅದು. 2009ರಲ್ಲಿ ಅಲ್ಲಿಯ ಕ್ಲಬ್ಬೂ ಮುಳುಗುವ ಅಂಚಿನಲ್ಲಿತ್ತು. ದಿವಾಳಿಯಂಚಿಗೆ ಹೋದ ತಪ್ಪಿಗೆ ಹತ್ತು ಅಂಕ ಕಡಿತ, ಮೂರನೇ ಮೆಟ್ಟಿಲಿಗೆ ಹಿಂಬಡ್ತಿ. ಸ್ವಿಟ್ಜರ್ಲೆಂಡಿನ ಉದ್ಯಮಿಯೊಬ್ಬರು ಕೊಂಡು ಉಳಿಸಿದ್ದರು. ಬಂದ ಹೊಸತರಲ್ಲೇ ಮ್ಯಾನೇಜರ್ ಅಲನ್ ಪಾರ್ಡ್ಯೂ ತೂಕ ಇಳಿಸುವಂತೆ ನಿಷ್ಠುರವಾಗಿ ಹೇಳಿದರು. ಇಪ್ಪತ್ತೇಳು ವರ್ಷದ ಆಟಗಾರನಿಗೆ ಅಲ್ಲಿಯವರೆಗೆ ಯಾರೂ ಹಾಗೆ ಬಿಡಿಸಿ ಹೇಳಿರಲಿಲ್ಲವಂತೆ. ಆತ ಇಳಿಸಿದ. ಮೊದಲ ಋತುವಿನಲ್ಲಿ 30 ಲೀಗ್ ಗೋಲು. 2011ರಲ್ಲಿ ತಂಡಕ್ಕೆ ಬಡ್ತಿ, 2012ರಲ್ಲಿ ಮತ್ತೆ ಬಡ್ತಿ. ಪ್ರೀಮಿಯರ್ ಲೀಗಿನ ಮೊದಲ ಪಂದ್ಯ ಮ್ಯಾಂಚೆಸ್ಟರ್ ಸಿಟಿಯ ಅಂಗಳದಲ್ಲಿ, ಸ್ಟಾಕ್‌ಪೋರ್ಟಿನಿಂದ ಕೂಗಳತೆಯ ದೂರ. ತಂಡ 3-2ರಿಂದ ಸೋತಿತು. ಲ್ಯಾಂಬರ್ಟ್ ಒಂದು ಗೋಲು ಹೊಡೆದಿದ್ದ. ಆ ಋತುವಿನಲ್ಲಿ 15. ಐದು ವರ್ಷಗಳಲ್ಲಿ ಸೌತಾಂಪ್ಟನ್ನಿಗಾಗಿ ತೆಗೆದುಕೊಂಡ 34 ಪೆನಾಲ್ಟಿಗಳಲ್ಲಿ 34ನ್ನೂ ಗೋಲಾಗಿಸಿದ. ಇದನ್ನು ಅದೃಷ್ಟ ಎನ್ನಲಾಗದು.

2013ರ ಆಗಸ್ಟ್ 14, ವೆಂಬ್ಲಿ ಮೈದಾನ, ಎದುರಾಳಿ ಸ್ಕಾಟ್ಲೆಂಡ್. ಮೂವತ್ತೊಂದು ವರ್ಷದ ಲ್ಯಾಂಬರ್ಟ್ ಇಂಗ್ಲೆಂಡಿನ ಪರ ಮೊದಲ ಬಾರಿಗೆ, ವೇನ್ ರೂನಿಯ ಬದಲಿಗೆ ಕಣಕ್ಕಿಳಿದ. ಇಳಿದು ಮೂರು ನಿಮಿಷವಾಗಿರಬೇಕು. ಮೂಲೆಯಿಂದ ಬಂದ ಚೆಂಡಿಗೆ ತಲೆಕೊಟ್ಟ. ಅಂದು ಚೆಂಡಿಗೆ ಆತ ಮುಟ್ಟಿಸಿದ ಮೊದಲ ಸ್ಪರ್ಶ ಅದು. ಅದೇ ಗೋಲು, ಅದೇ ಗೆಲುವು, 3-2. ಒಟ್ಟು 11 ಪಂದ್ಯಗಳಲ್ಲಿ ದೇಶಕ್ಕಾಗಿ ಮೂರು ಗೋಲು, 2014ರ ವಿಶ್ವಕಪ್ ತಂಡದಲ್ಲಿ ಸ್ಥಾನ. ಅದೇ ವರ್ಷ ಜೂನ್‌ನಲ್ಲಿ ಲಿವರ್‌ಪೂಲ್ ಕರೆಯಿತು. ಹದಿನೈದರ ಹುಡುಗನನ್ನು ಹೊರಗೆ ಕಳಿಸಿದ ಕ್ಲಬ್ಬು ಮೂವತ್ತೆರಡರ ಆಟಗಾರನಿಗೆ ಸುಮಾರು 40 ಲಕ್ಷ ಪೌಂಡ್ ತೆತ್ತಿತು. ಸಿನಿಮಾ ಆಗಿದ್ದರೆ ಇಲ್ಲಿ ಶುಭಂ ಬೀಳುತ್ತಿತ್ತು. ವಾಸ್ತವದಲ್ಲಿ ಆತ ಬಹುಪಾಲು ಬೆಂಚಿನ ಮೇಲೆ ಕುಳಿತ. ಲೀಗ್‌ನಲ್ಲಿ ಎರಡೇ ಗೋಲು. ಇನ್ನೆರಡು ಕ್ಲಬ್ಬು ಸುತ್ತಿ 2017ರಲ್ಲಿ ನಿವೃತ್ತನಾದ.

ಆಟಗಾರ ಮೇಲೇರಿದ. ಆತನನ್ನು ಎತ್ತಿದ ಮೆಟ್ಟಿಲುಗಳು ಏನಾದವು ಎಂಬುದನ್ನೂ ನೋಡಬೇಕು. ಸ್ಟಾಕ್‌ಪೋರ್ಟ್ ಕೌಂಟಿ ಜಾರುತ್ತಾ ಜಾರುತ್ತಾ 2013ರಲ್ಲಿ ಆರನೇ ಮೆಟ್ಟಿಲಿಗೆ ಬಿತ್ತು. ಚೇತರಿಸಿಕೊಂಡು 2022ರಲ್ಲಿ ಲೀಗಿಗೆ ಮರಳಿ, 2024ರಲ್ಲಿ ಮೂರನೆಯದಕ್ಕೆ ಏರಿತು. ರಾಚ್‌ಡೇಲ್ 1921ರಿಂದ ಹಿಡಿದುಕೊಂಡಿದ್ದ ಲೀಗ್ ಸ್ಥಾನವನ್ನು 2023ರಲ್ಲಿ ಕಳೆದುಕೊಂಡಿತು. ಮರುವರ್ಷ ಮುಚ್ಚುವ ಹಂತಕ್ಕೆ ಬಂದಾಗ ಆ ಊರಿನ ಮೂಲದ ಕುಟುಂಬವೊಂದು ಕೈಹಿಡಿಯಿತು. ಅದರ ನೆರೆಯ ಬರಿ ಕ್ಲಬ್ಬಿನ ಗತಿ ಇನ್ನೂ ಕಷ್ಟದ್ದು. 1900 ಮತ್ತು 1903ರಲ್ಲಿ ಎಫ್.ಎ. ಕಪ್ ಗೆದ್ದಿದ್ದ ಈ ಹಳೆಯ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಹಣಕಾಸಿನ ಕಾರಣಕ್ಕೆ ಲೀಗಿನಿಂದಲೇ ಹೊರಹಾಕಿದರು.

ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಫುಟ್‌ಬಾಲಿನ ನೇರ ಪ್ರಸಾರ ಮಾಡಬಾರದೆಂಬ ನಿಯಮ ಬಹಳ ಹಿಂದಿನಿಂದ ಇದೆ. ಜನ ಮನೆಯಲ್ಲಿ ಕುಳಿತು ದೊಡ್ಡವರ ಆಟ ನೋಡಿದರೆ ಊರಿನ ಮೈದಾನಕ್ಕೆ ಬರುವವರಾರು ಎಂಬುದೇ ಅದರ ಹಿಂದಿನ ಚಿಂತೆ. ಒಳ್ಳೆಯ ನಿಯಮ, ಆದರೆ ಬಾಗಿಲಿನ ಟಿಕೆಟ್ ದುಡ್ಡೊಂದೇ ಇಂದಿನ ಸಂಬಳಗಳಿಗೆ ಸಾಲುತ್ತಿಲ್ಲ.

ಮ್ಯಾಕಲ್ಸ್‌ಫೀಲ್ಡ್ ಟೌನಿನಲ್ಲಿ ಆಟಗಾರರಿಗೆ ತಿಂಗಳ ಸಂಬಳವೇ ಬಾರದ ಸ್ಥಿತಿ ಬಂತು. 2020ರ ಸೆಪ್ಟೆಂಬರ್‌ನಲ್ಲಿ, 5 ಲಕ್ಷ ಪೌಂಡಿಗೂ ಮಿಕ್ಕ ಸಾಲದ ಕಾರಣಕ್ಕೆ, ಲಂಡನ್ನಿನ ಹೈಕೋರ್ಟು ಕ್ಲಬ್ಬನ್ನು ಮುಚ್ಚಲು ಆದೇಶಿಸಿತು. ಮೋಸ್ ರೋಸ್ ಮೈದಾನ, ಸಾಮಾನ್ಯ ಮನೆ ನಿವೇಶನಗಳ ಹಾಗೆ, ಆಸ್ತಿ ಮಾರಾಟದ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು. ಅದನ್ನು ನೋಡಿದ ಸ್ಥಳೀಯ ಉದ್ಯಮಿಯೊಬ್ಬರು ಕೊಂಡುಕೊಂಡರು. ‘ಟೌನ್’ ಎಂಬ ಮಾತನ್ನು ಕೈಬಿಟ್ಟು ಹೊಸ ಕ್ಲಬ್ಬು ಹುಟ್ಟಿತು; 2021ರಲ್ಲಿ ಒಂಬತ್ತನೇ ಮೆಟ್ಟಿಲಿನಿಂದ ಆಟ ಶುರುಮಾಡಿತು. 2022ರಲ್ಲಿ ಬಡ್ತಿ, 2023ರಲ್ಲಿ ಇನ್ನೊಂದು, 2025ರಲ್ಲಿ ಮೂರನೆಯದು. ಹೆಸರು ಬದಲಾದರೂ ಊರವರು ತಂಡವನ್ನು ಕರೆಯುವುದು ಹಳೆಯ ಹಾಗೆಯೇ, ರೇಷ್ಮೆಯವರು ಎಂದು. ಮ್ಯಾಕಲ್ಸ್‌ಫೀಲ್ಡ್ ನಿಲ್ದಾಣದಲ್ಲಿ ಇಳಿದವರು 108 ಮೆಟ್ಟಿಲು ಹತ್ತಿ, ಪ್ಯಾರಡೈಸ್ ಮಿಲ್ಲಿನ ಮಗ್ಗಗಳನ್ನು ನೋಡಿ, ಪಂದ್ಯವಿರುವ ಶನಿವಾರವಾದರೆ ಮೂರು ಗಂಟೆಯೊಳಗೆ ಲಂಡನ್ ರಸ್ತೆಗೆ ಹೋಗಿ ನಿಲ್ಲಬಹುದು. ಆಟಗಾರರ ಹೆಸರು ಗೊತ್ತಿರಬೇಕಾದ ಅಗತ್ಯವಿಲ್ಲ. ಪಕ್ಕದಲ್ಲಿ ನಿಂತವರು ಹೇಳುತ್ತಾರೆ, ಯಾವ ಹುಡುಗನನ್ನು ಯಾವ ದೊಡ್ಡ ಕ್ಲಬ್ಬು ಬಿಟ್ಟಿತು ಎಂಬುದನ್ನೂ ಸೇರಿಸಿ.